ಎಂಟುನೂರು ಕ್ಯಾಲೊರಿಯ ವ್ರತಕ್ಕೆ ಮುನ್ನ

ಈ ತಿಂಗಳು ಹಪ್ಪಳ ಸಂಡಿಗೆಗಳ ವಿಚಾರವನ್ನು ಬರೆಯುವೆನೆಂದು ಕಳೆದ ಸಂಚಿಕೆಯಲ್ಲಿ ಮಾತು ಕೊಟ್ಟಿದ್ದೆನಷ್ಟೆ. ಆ ಮಾತನ್ನು ಮುಂದಕ್ಕೆ ಹಾಕಬೇಕಾಗಿ ಬಂದುದಕ್ಕಾಗಿ ವಾಚಕ ಸೋದರಿಯರು ಕ್ಷಮಿಸಬೇಕು. ಹಪ್ಪಳ ಕರಿಯುವ ಬಾಣಲೆಯನ್ನು ನಾನು ಮೊನ್ನೆ ತೊಳೆದು ಒರಸಿ ಅಟ್ಟಕ್ಕೆ ಏರಿಸಿದ್ದೇನೆ. ಯುಗಾದಿಯ ತನಕ ಅದು ಕೆಳಗಿಳಿಯುವಂತಿಲ್ಲ. ಏತಕ್ಕೆಂಬುದನ್ನು ಹೇಳುವುದೇ ಈ ತಿಂಗಳ ಲೇಖನ.

ನಮ್ಮ ಯಜಮಾನರಿಗೆ ಈಗ ೪೯ ವಯಸ್ಸು. ಮಧುಮೇಹವಿದೆಯೆಂದು ತಿಳಿದು ಮೂರು ವರ್ಷಗಳಾದುವು. ಬೆಳಗ್ಗೆ ಒಂದು, ರಾತ್ರಿ ಒಂದು ಮಾತ್ರೆ; ರಕ್ತದ ಒತ್ತಡಕ್ಕೆ ಬೇರೊಂದು. ಇಷ್ಟಾದರೂ, ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ಎಚ್‌ಬಿಎ೧ಸಿ ಎಂಬ ಪರೀಕ್ಷೆಯಲ್ಲಿ ಶೇಕಡ ೭.೬ ಎಂದು ಬಂದಿತು. ಹೀಗಿರುವವರು ನಮ್ಮ ದೇಶದಲ್ಲಿ ಅಪರೂಪವಲ್ಲ. ೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಸಮೀಕ್ಷೆಯು ಮಧುಮೇಹಿಗಳ ಸಂಖ್ಯೆಯನ್ನು ಹತ್ತು ಕೋಟಿಗೂ ಮಿಕ್ಕುದೆಂದು ಅಂದಾಜು ಮಾಡಿತು. ಆದರೆ ನಮ್ಮ ಮನೆಗೆ ಈ ರೋಗದ ಪರಿಚಯವಾದದ್ದು ಅಂಕಿಗಳಿಂದಲ್ಲ. ನಮ್ಮ ಮಾವನವರು ಇದರಿಂದಲೇ ಮೊದಲು ಬಲಗಾಲಿನ ಹೆಬ್ಬೆರಳನ್ನೂ, ಮರುವರ್ಷ ಪಾದವನ್ನೂ ಕಳೆದುಕೊಂಡು, ಕಡೆಗೆ ಮೂತ್ರಪಿಂಡಗಳು ಸೋತು ತೀರಿಕೊಂಡರು. ಆ ಗಾಯವನ್ನು ತೊಳೆದು ಕಟ್ಟುತ್ತಿದ್ದವರು ಅತ್ತೆಯವರೂ ನಾನೂ. ೭.೬ ಎಂಬ ಚೀಟಿಯನ್ನು ಯಜಮಾನರು ಮೇಜಿನ ಮೇಲಿಟ್ಟಾಗ ಅತ್ತೆಯವರು ಅದನ್ನು ಓದಲಿಲ್ಲ, ಮಗನ ಕಾಲನ್ನು ನೋಡಿದರು.

ಹೀಗಿರಲಾಗಿ, ತಿಂಗಳ ಹಿಂದೆ ಒಂದು ಸಾಯಂಕಾಲ ಅವರು ಕಚೇರಿಯಿಂದ ಬಂದವರೇ, "ನಾಳೆಯಿಂದ ನನಗೆ ಅನ್ನ ಹಾಕಬೇಡ. ದಿನಕ್ಕೆ ಎಂಟುನೂರು ಕ್ಯಾಲೊರಿ, ಎರಡು ತಿಂಗಳು. ಇಂಗ್ಲೆಂಡಿನಲ್ಲಿ ಹೀಗೆ ಮಾಡಿದವರ ಮಧುಮೇಹ ಹಿಂದೆಗೆದಿದೆಯಂತೆ" ಎಂದರು. "ಮಾತ್ರೆ?" ಎಂದು ನಾನು ಕೇಳಿದೆ. "ಅದೇನು, ಎಂದಿನಂತೆ ನುಂಗುತ್ತೇನೆ" ಎಂದರು.

ಆ ಉತ್ತರವನ್ನು ಕೇಳಿ ನಾನು ನಿಜವಾಗಿಯೂ ಬೆದರಿದೆ. ಏಕೆಂದರೆ ನಮ್ಮ ಬೀದಿಯಲ್ಲಿಯೇ ಒಬ್ಬ ಮಹನೀಯರು ಹೋದ ಶ್ರಾವಣದಲ್ಲಿ ಇಂಥದೇ ಉತ್ಸಾಹದಿಂದ ಅನ್ನ ಬಿಟ್ಟು ಮಾತ್ರೆಯನ್ನು ಮಾತ್ರ ಬಿಡದೆ, ಮೂರನೆಯ ದಿನ ತರಕಾರಿಯ ಮಾರುಕಟ್ಟೆಯಲ್ಲಿ ಬೆವರಿ ನಡುಗಿ ಕೆಳಗೆ ಬಿದ್ದರು. ಅವರ ರಕ್ತದ ಸಕ್ಕರೆ ಆಗ ೪೨ಕ್ಕೆ ಇಳಿದಿತ್ತು. ನೆರೆದವರು ಮದ್ಯಪಾನವೆಂದು ಭಾವಿಸಿದರಂತೆ. ಪುಣ್ಯವಶಾತ್ ಪರಿಚಿತನೊಬ್ಬನು ಗುರುತಿಸಿ ಆಸ್ಪತ್ರೆಗೆ ಒಯ್ದನು. ಆದಕಾರಣ, "ಮಾಡಬಹುದು, ಆದರೆ ನಾಳೆಯಿಂದಲ್ಲ. ಮೊದಲು ಡಾಕ್ಟರರನ್ನು ಕಾಣೋಣ" ಎಂದು ನಾನು ಹಟ ಹಿಡಿದೆ. ಆ 'ನಾಳೆ' ಬರುವುದಕ್ಕೆ ನಾಲ್ಕು ವಾರ ಹಿಡಿಯಿತು. ಆ ನಾಲ್ಕು ವಾರಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಈ ಪಥ್ಯದ ಹಿನ್ನೆಲೆ. ಊಟ ಕಡಿಮೆಯಾದರೆ ಈ ರೋಗ ತಗ್ಗುವುದೆಂಬ ಮಾತು ಹೊಸದಲ್ಲ. ೧೮೭೦-೭೧ರಲ್ಲಿ ಪ್ಯಾರಿಸ್ ನಗರಕ್ಕೆ ಮುತ್ತಿಗೆ ಬಿದ್ದು ಆಹಾರ ದುರ್ಲಭವಾದಾಗ, ಬೂಷಾರ್ಡಾ ಎಂಬ ಫ್ರೆಂಚ್ ವೈದ್ಯನು ತನ್ನ ಮಧುಮೇಹಿಗಳ ಮೂತ್ರದಲ್ಲಿ ಸಕ್ಕರೆ ಕಡಿಮೆಯಾದುದನ್ನು ಗಮನಿಸಿದನು. ಅದಕ್ಕೂ ಎಷ್ಟೋ ಶತಮಾನಗಳ ಹಿಂದೆ ನಮ್ಮ ಸುಶ್ರುತ ಸಂಹಿತೆಯು ಪ್ರಮೇಹವನ್ನು ಹುಟ್ಟಿನಿಂದ ಬಂದದ್ದು, ಅಪಥ್ಯದಿಂದ ಬಂದದ್ದು ಎಂದು ಎರಡಾಗಿ ವಿಂಗಡಿಸಿತ್ತು. ಮೊದಲನೆಯ ರೋಗಿಯು ಕೃಶನು. ಎರಡನೆಯವನು ಸ್ಥೂಲನು, ಬಹಳ ಉಣ್ಣುವವನು, ಹಾಸಿಗೆಯನ್ನೂ ಪೀಠವನ್ನೂ ಬಿಡದವನು. (ಇದನ್ನು ಓದಿ ಹೇಳಿದಾಗ ಯಜಮಾನರು ತಮ್ಮ ಆರಾಮಕುರ್ಚಿಯಿಂದ ಸ್ವಲ್ಪ ಎದ್ದು ಕುಳಿತರು.) ಕೃಶನಿಗೆ ಪುಷ್ಟಿಯನ್ನೂ ಸ್ಥೂಲನಿಗೆ ಲಂಘನಾದಿಗಳನ್ನೂ ಆ ಗ್ರಂಥವು ವಿಧಿಸುತ್ತದೆ. ಈ ಭೇದವನ್ನು ವಾಚಕರು ಮನಸ್ಸಿನಲ್ಲಿಡಬೇಕು. ಮುಂದೆ ಇದರಿಂದ ಪ್ರಯೋಜನವಿದೆ.

ಈಚಿನ ಕಥೆಯು ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾನಿಲಯದ್ದು. ಅಲ್ಲಿನ ಪ್ರೊಫೆಸರ್ ರಾಯ್ ಟೇಲರ್ ಎಂಬವರು, ಸ್ಥೂಲಕಾಯರಿಗೆ ಜಠರದ ಶಸ್ತ್ರಕ್ರಿಯೆಯಾದ ಕೆಲವೇ ದಿನಗಳಲ್ಲಿ ಅವರ ರಕ್ತದ ಸಕ್ಕರೆ ಸರಿಹೋಗುವುದನ್ನು ಕುರಿತು ಯೋಚಿಸಿ, ಇದು ಕತ್ತಿಯ ಮಹಿಮೆಯಾಗಿರಲಾರದು, ಹಠಾತ್ತನೆ ಊಟ ನಿಂತುದರ ಫಲವಾಗಿರಬೇಕು ಎಂದು ತರ್ಕಿಸಿದರು. ಅವರ ಮತದಂತೆ, ವರ್ಷಗಟ್ಟಲೆ ಬೇಕಾದುದಕ್ಕಿಂತ ಹೆಚ್ಚಾಗಿ ಉಂಡವರ ಯಕೃತ್ತಿನಲ್ಲಿ ಕೊಬ್ಬು ಸೇರುತ್ತದೆ. ಕೊಬ್ಬು ತುಂಬಿದ ಯಕೃತ್ತು ಇನ್ಸುಲಿನ್ನಿನ ಮಾತನ್ನು ಕೇಳದೆ ಹಗಲಿರುಳೂ ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತದೆ. ಅದರಲ್ಲಿ ಹಿಡಿಸಲಾರದ ಕೊಬ್ಬು ಹರಿದು ಮೇದೋಜೀರಕ ಗ್ರಂಥಿಯನ್ನೂ ಸೇರಿ, ಇನ್ಸುಲಿನ್ ತಯಾರಿಸುವ ಕಣಗಳನ್ನು ಮಂಕಾಗಿಸುತ್ತದೆ. ಒಂದು ಮತ್ತೊಂದನ್ನು ಕೆಡಿಸುವ ಎರಡು ಚಕ್ರಗಳು. ೨೦೧೧ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ೧೧ ಮಂದಿ ಮಧುಮೇಹಿಗಳು ಎಂಟು ವಾರಗಳ ಕಾಲ ದಿನಕ್ಕೆ ಸುಮಾರು ೬೦೦ ಕ್ಯಾಲೊರಿಗಳ ಪೇಯ ಮತ್ತು ತರಕಾರಿಗಳಿಂದ ಜೀವಿಸಿದರು. ಏಳೇ ದಿನಗಳಲ್ಲಿ ಅವರ ಖಾಲಿಹೊಟ್ಟೆಯ ಸಕ್ಕರೆಯು ನಿರೋಗಿಗಳ ಮಟ್ಟಕ್ಕೆ ಬಂದಿತು. ಎಂಟು ವಾರಗಳಲ್ಲಿ ಮೇದೋಜೀರಕದ ಕೊಬ್ಬು ಕರಗಿ ಇನ್ಸುಲಿನ್ನಿನ ಒರತೆ ಮರಳಿತು.

ಹನ್ನೊಂದು ಮಂದಿಯ ಅನುಭವವನ್ನು ನೆಚ್ಚಿ ಲೋಕಕ್ಕೆ ವಿಧಿ ಮಾಡಲಾಗುವುದಿಲ್ಲವಷ್ಟೆ. ಆದುದರಿಂದ ಟೇಲರರೂ ಗ್ಲಾಸ್ಗೋದ ಪ್ರೊಫೆಸರ್ ಮೈಕೇಲ್ ಲೀನರೂ ಕೂಡಿ, ಸ್ಕಾಟ್ಲೆಂಡಿನಲ್ಲಿಯೂ ನ್ಯೂಕಾಸಲಿನ ಸುತ್ತಮುತ್ತಲೂ ೨೯೮ ಮಂದಿಯ ಮೇಲೆ ದೊಡ್ಡ ಪರೀಕ್ಷೆಯನ್ನು ನಡೆಸಿದರು. ಅರ್ಧ ಜನಕ್ಕೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು ೮೫೦ ಕ್ಯಾಲೊರಿ. ಉಳಿದರ್ಧಕ್ಕೆ ಎಂದಿನ ಚಿಕಿತ್ಸೆ. ೨೦೧೭ರಲ್ಲಿ ಹೊರಬಿದ್ದ ಫಲಿತಾಂಶದಂತೆ, ಒಂದು ವರ್ಷದ ಕೊನೆಗೆ ಪಥ್ಯ ಮಾಡಿದವರಲ್ಲಿ ಶೇಕಡ ೪೬ರಷ್ಟು ಜನ ಮಧುಮೇಹದ ಮಾತ್ರೆಯಿಲ್ಲದೆಯೇ ರೋಗದ ಗಡಿಯಿಂದ ಕೆಳಗಿದ್ದರು. ಎಂದಿನ ಚಿಕಿತ್ಸೆಯವರಲ್ಲಿ ಶೇಕಡ ೪. ಹದಿನೈದು ಕಿಲೋ ಮತ್ತು ಅದಕ್ಕೂ ಹೆಚ್ಚು ತೂಕ ಇಳಿಸಿದ ೩೬ ಮಂದಿಯಲ್ಲಿ ೩೧ ಮಂದಿಗೆ ಈ ಫಲ ದೊರೆತಿತ್ತು. ಯಜಮಾನರು ಕಚೇರಿಯಲ್ಲಿ ಓದಿಬಂದದ್ದು ಇಷ್ಟನ್ನೇ. ಅದರ ಮುಂದಿನ ಪುಟವನ್ನು ಯಾರೂ ಅಷ್ಟು ಉತ್ಸಾಹದಿಂದ ಓದುವುದಿಲ್ಲ. ಎರಡನೆಯ ವರ್ಷದ ಕೊನೆಗೆ ಆ ೪೬ ಎಂಬುದು ೩೬ಕ್ಕೆ ಇಳಿಯಿತು. ಐದು ವರ್ಷಗಳ ತನಕ ನೋಡಿಕೊಂಡ ೮೫ ಮಂದಿಯಲ್ಲಿ ಕಡೆಗೆ ಆ ಸ್ಥಿತಿಯಲ್ಲಿ ಉಳಿದವರು ೧೧. ತೂಕ ಮರಳಿದಂತೆಲ್ಲ ರೋಗವೂ ಮರಳಿತು. ಅದರಿಂದಲೇ ವೈದ್ಯರು ಇದನ್ನು 'ಗುಣ'ವೆನ್ನದೆ 'ಶಮನ'ವೆನ್ನುತ್ತಾರೆ. ೨೦೨೧ರಲ್ಲಿ ಒಪ್ಪಿತವಾದ ಲಕ್ಷಣದ ಪ್ರಕಾರ, ಔಷಧಗಳನ್ನು ನಿಲ್ಲಿಸಿ ಮೂರು ತಿಂಗಳಾದ ಮೇಲೂ ಎಚ್‌ಬಿಎ೧ಸಿಯು ೬.೫ಕ್ಕಿಂತ ಕೆಳಗಿದ್ದರೆ ಅದು ಶಮನ.

"ನಾವೇನು ಬಿಳಿಯರಷ್ಟು ದಪ್ಪನಾದವರೆ?" ಎಂದು ಕೇಳುವವರುಂಟು. ನಮ್ಮವರಿಗೆ ಕಡಿಮೆ ತೂಕದಲ್ಲಿಯೇ, ಕಡಿಮೆ ವಯಸ್ಸಿನಲ್ಲಿಯೇ ಮಧುಮೇಹವು ಬರುವುದು ನಿಜ. ಕೈಕಾಲು ಸಣ್ಣಗಿದ್ದರೂ ಹೊಟ್ಟೆಯೊಳಗೆ ಕೊಬ್ಬು ಸೇರಿರುವ ಶರೀರ ನಮ್ಮದು. ಒಬ್ಬೊಬ್ಬನಿಗೆ ಒಂದೊಂದು ಮಿತಿ, ಅದನ್ನು ಮೀರಿದರೆ ಯಾವ ತೂಕದವನಿಗೂ ರೋಗ, ಎಂಬುದು ಟೇಲರರ ವಾದ. ಅಷ್ಟೇನೂ ದಪ್ಪವಿಲ್ಲದ ೨೦ ಮಂದಿಯಿಂದ ಅವರು ಇದೇ ಪಥ್ಯವನ್ನು ಮಾಡಿಸಿದಾಗ ೧೪ ಮಂದಿಗೆ ಶಮನ ಕಂಡುಬಂದಿತು. ನಮ್ಮ ಯಜಮಾನರ ಎತ್ತರ ೧೬೮ ಸೆಂಟಿಮೀಟರು, ತೂಕ ೮೪ ಕಿಲೋ. ಆದಕಾರಣ ಈ ವಾದವನ್ನು ನಾವು ಬಹಳ ದೂರ ಬೆಳೆಸಬೇಕಾದ ಅಗತ್ಯ ಬೀಳಲಿಲ್ಲ.

ಇನ್ನು ಸಿದ್ಧತೆಯ ವಿಚಾರ. ನಮ್ಮ ಡಾಕ್ಟರರು ವಯಸ್ಸಾದ ಹೆಂಗಸು; ಮಾವನವರನ್ನೂ ನೋಡಿದವರು. ವಿಷಯವನ್ನೆಲ್ಲ ಕೇಳಿ, "ಮಾಡಿಸಬಹುದು. ಆದರೆ ಮೊದಲು ನಿಮ್ಮ ಮಾತ್ರೆಗಳನ್ನೆಲ್ಲ ತನ್ನಿ. ಹೆಸರು ಬರೆದುಕೊಂಡು ಬರಬೇಡಿ, ಮಾತ್ರೆಯ ಹಾಳೆಗಳನ್ನೇ ತನ್ನಿ" ಎಂದರು. ಹಾಗೆ ತಂದು ತೋರಿಸಿದಾಗ ನನಗೆ ತಿಳಿಯದಿದ್ದ ಸಂಗತಿಯೊಂದು ಹೊರಬಿತ್ತು. ಯಜಮಾನರು 'ಒಂದೇ ಮಾತ್ರೆ' ಎಂದು ನುಂಗುತ್ತಿದ್ದುದರಲ್ಲಿ ಎರಡು ಔಷಧಗಳಿದ್ದುವು: ಮೆಟ್‌ಫಾರ್ಮಿನ್ ಒಂದು, ಗ್ಲಿಮೆಪಿರೈಡ್ ಇನ್ನೊಂದು. ನಮ್ಮ ದೇಶದಲ್ಲಿ ಈ ಜೋಡಿ ಬಹು ಬಳಕೆಯದು. ಮೆಟ್‌ಫಾರ್ಮಿನ್ ಒಂದರಿಂದಲೇ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಮುಂತಾದುವು ಹಾಗಲ್ಲ. ನೀವು ಉಂಡಿರಿ, ಬಿಡಿರಿ, ಅವು ಮೇದೋಜೀರಕವನ್ನು ಹಿಂಡಿ ಇನ್ಸುಲಿನ್ನನ್ನು ಹೊರಡಿಸುತ್ತವೆ. ಊಟವಿಲ್ಲದ ದಿನ ಆ ಇನ್ಸುಲಿನ್ನಿಗೆ ಕೆಲಸವಿಲ್ಲವಾಗಿ, ರಕ್ತದಲ್ಲಿದ್ದ ಅಷ್ಟಿಷ್ಟು ಸಕ್ಕರೆಯನ್ನೂ ಅದು ಖಾಲಿ ಮಾಡುತ್ತದೆ. ಮಾರುಕಟ್ಟೆಯಲ್ಲಿ ಬಿದ್ದವರಿಗೆ ಆದದ್ದು ಇದೇ. ಇನ್ಸುಲಿನ್ ಚುಚ್ಚಿಕೊಳ್ಳುವವರ ಅಪಾಯ ಇದಕ್ಕೂ ಮಿಗಿಲು.

ಇನ್ನೊಂದು ಬಗೆಯ ಮಾತ್ರೆಗಳುಂಟು: ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂದು 'ಫ್ಲೋಜಿನ್' ಎಂಬ ಬಾಲವಿರುವಂಥವು. ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಕ್ಕೆ ಹಾಕುತ್ತವೆ. ಇವನ್ನು ನುಂಗುತ್ತ ಅತಿ ಕಡಿಮೆ ಉಂಡರೆ ರಕ್ತವು ಆಮ್ಲಮಯವಾಗುವ ಭಯವಿದೆ. ಆಗ ವಾಂತಿ, ಹೊಟ್ಟೆನೋವು, ಏದುಸಿರು ಉಂಟಾಗುತ್ತವೆ. ಕಪಟವೇನೆಂದರೆ, ಮನೆಯ ಯಂತ್ರದಲ್ಲಿ ಸಕ್ಕರೆ ಹೆಚ್ಚೇನೂ ಕಾಣದಿರುವಾಗಲೂ ಹೀಗಾಗಬಹುದು. ರಕ್ತದ ಒತ್ತಡದ ಮಾತ್ರೆಗಳ ಮಾತೂ ಅಷ್ಟೇ. ತೂಕವಿಳಿದಂತೆ ಒತ್ತಡವೂ ಇಳಿಯುವುದರಿಂದ, ಹಳೆಯ ಪ್ರಮಾಣವನ್ನೇ ಮುಂದುವರಿಸಿದವನು ಹಾಸಿಗೆಯಿಂದೇಳುವಾಗ ಕಣ್ಣು ಕತ್ತಲಿಟ್ಟು ಬೀಳಬಹುದು. ಗ್ಲಾಸ್ಗೋ-ನ್ಯೂಕಾಸಲ್ ಪರೀಕ್ಷೆಯಲ್ಲಿ ಮಧುಮೇಹದ ಮಾತ್ರೆಗಳನ್ನೂ ಒತ್ತಡದ ಮಾತ್ರೆಗಳನ್ನೂ ಪಥ್ಯದ ಮೊದಲನೆಯ ದಿನವೇ ನಿಲ್ಲಿಸಿ, ಬೇಕೆನಿಸಿದವರಿಗೆ ಮತ್ತೆ ಕೊಟ್ಟರು. ಇದನ್ನೋದಿ ಯಾರೂ ತಾವಾಗಿ ಮಾತ್ರೆಯನ್ನು ಎಸೆಯತಕ್ಕದ್ದಲ್ಲ. ಅಲ್ಲಿ ವೈದ್ಯರೂ ದಾದಿಯರೂ ಪಕ್ಕದಲ್ಲಿದ್ದರು. ನಮ್ಮ ಡಾಕ್ಟರರು ಯಾವುದನ್ನು ಎಂದು ನಿಲ್ಲಿಸಬೇಕು, ಸಕ್ಕರೆ ಎಷ್ಟಕ್ಕೆ ಏರಿದರೆ, ಒತ್ತಡ ಎಷ್ಟಾದರೆ ತಮಗೆ ತಿಳಿಸಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಅದು ಈಗ ಅಡುಗೆಮನೆಯ ಬೀರುವಿನ ಬಾಗಿಲಿಗೆ ಅಂಟಿಕೊಂಡಿದೆ. ಅದರ ಪಕ್ಕದಲ್ಲಿ ನಾನು ಬರೆದದ್ದು ಇನ್ನೊಂದು ಚೀಟಿ: 'ನಡುಕ, ಬೆವರು, ಎದೆಬಡಿತ ಕಂಡರೆ ಒಡನೆ ಸಕ್ಕರೆ ನೋಡುವುದು, ೭೦ಕ್ಕಿಂತ ಕೆಳಗಿದ್ದರೆ ಮೂರು ಚಿಕ್ಕ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡುವುದು.'

ಪರೀಕ್ಷೆಗಳೂ ಆದುವು. ಮೂತ್ರಪಿಂಡ, ಯಕೃತ್ತು, ಯೂರಿಕ್ ಆಮ್ಲ, ಹೃದಯದ ಪಟ ಇವುಗಳ ಜೊತೆಗೆ ಕಣ್ಣಿನ ಪರೀಕ್ಷೆಯನ್ನೂ ಹೇಳಿದಾಗ ಯಜಮಾನರು, "ಊಟಕ್ಕೂ ಕಣ್ಣಿಗೂ ಏನು ಸಂಬಂಧ?" ಎಂದರು. ಕಣ್ಣಿನ ಒಳಪೊರೆಯಲ್ಲಿ ಆಗಲೇ ದೋಷವಿದ್ದವರಿಗೆ ಸಕ್ಕರೆಯು ಬಹುಬೇಗ ಇಳಿದರೆ ಆ ದೋಷವು ಕೆಲಕಾಲ ಉಲ್ಬಣಿಸಬಹುದಂತೆ. ತೂಕವು ವೇಗವಾಗಿ ಇಳಿದವರಿಗೆ ಪಿತ್ತಕೋಶದಲ್ಲಿ ಕಲ್ಲುಗಳಾಗುವುದೂ ಉಂಟು. ಬಲಪಕ್ಕೆಯ ಕೆಳಗೆ ನೋವು ಕಂಡರೆ ಸಹಿಸಿಕೊಂಡು ಕೂರಬಾರದು. ಈ ಪಥ್ಯ ಯಾರಿಗೆ ಸರ್ವಥಾ ಸಲ್ಲದೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಶರೀರದಲ್ಲಿ ಇನ್ಸುಲಿನ್ನೇ ಇಲ್ಲದ ಮೊದಲನೆಯ ಬಗೆಯ ಮಧುಮೇಹಿಗಳಿಗೆ, ಎಂದರೆ ಸುಶ್ರುತ ಸಂಹಿತೆಯ ಕೃಶನಂಥವರಿಗೆ, ಇದು ಪ್ರಾಣಾಪಾಯ. ಗರ್ಭಿಣಿಯರು, ಎದೆಹಾಲೂಡಿಸುವವರು, ಮೂತ್ರಪಿಂಡ ಕೆಟ್ಟವರು, ಈಚೆಗೆ ಹೃದಯಾಘಾತವಾದವರು, ಉಣ್ಣುವ ವಿಷಯದಲ್ಲಿ ಮನೋವ್ಯಾಧಿಯಿದ್ದವರು, ಬಲಗುಂದಿದ ವೃದ್ಧರು ಇವರಿಗೂ ಬೇಡ.

ಡಾಕ್ಟರರು ಒಪ್ಪಿದ ಮೇಲೆ ನನ್ನ ಪಾಲಿನ ಕೆಲಸ ಮೊದಲಾಯಿತು. ಒಂದು ವಾರದ ತನಕ ಏನನ್ನೂ ಬದಲಿಸದೆ, ಯಜಮಾನರು ತಿಂದದ್ದನ್ನೆಲ್ಲ ತೂಗಿ ಬರೆಯಬೇಕೆಂದು ಅವರು ಹೇಳಿದ್ದರು. ಚಿಕ್ಕದೊಂದು ತಕ್ಕಡಿಯನ್ನು ತಂದೆ. ಇಪ್ಪತ್ತೈದು ವರ್ಷಗಳಿಂದ ನಾನೇ ಬಡಿಸುತ್ತಿದ್ದರೂ ಎಷ್ಟು ಬಡಿಸುತ್ತೇನೆಂಬುದು ನನಗೆ ಗೊತ್ತಿರಲಿಲ್ಲವೆಂಬುದನ್ನು ನಾಚಿಕೆಯಿಂದ ಒಪ್ಪುತ್ತೇನೆ. ಅನ್ನವನ್ನು ಅವರು ಆಗಲೇ ಕಡಿಮೆ ಮಾಡಿದ್ದರು; ಅಲ್ಲಿ ತಪ್ಪಿರಲಿಲ್ಲ. ಒಂದು ದೊಡ್ಡ ಚಮಚ ಎಣ್ಣೆಗೆ ೧೨೦ ಕ್ಯಾಲೊರಿ. ಪಲ್ಯದ ಒಗ್ಗರಣೆ, ಸಾರಿನ ಒಗ್ಗರಣೆ, ದೋಸೆಯ ಕಾವಲಿಗೆ ಸವರಿದ್ದು, ಚಟ್ನಿಪುಡಿಗೆ ಕಲಸಿದ್ದು ಎಲ್ಲ ಸೇರಿ ದಿನಕ್ಕೆ ನಾಲ್ಕು ಚಮಚಗಳಾದುವು. 'ಸಕ್ಕರೆಯಿಲ್ಲದ ಕಾಫಿ' ಎಂದು ನಾವು ಹೆಮ್ಮೆಪಡುತ್ತಿದ್ದ ಮೂರು ಲೋಟಗಳಲ್ಲಿ ಗಟ್ಟಿ ಹಾಲೇ ೨೦೦ ಕ್ಯಾಲೊರಿಯಷ್ಟು. ಪತ್ರಿಕೆ ಓದುತ್ತ ಬಾಯಿಗೆ ಹಾಕಿಕೊಳ್ಳುವ ಒಂದು ಹಿಡಿ ಹುರಿದ ಕಡಲೆಕಾಯಿಬೀಜ ೧೭೦. ಒಟ್ಟು ದಿನಕ್ಕೆ ಎರಡು ಸಾವಿರದ ಮುನ್ನೂರರಿಂದ ನಾನೂರು. ಎಂಟುನೂರೆಂದರೆ ಎಷ್ಟೆಂಬುದು ತಿಳಿಯಬೇಕಾದರೆ, ಕಾಲು ಕಿಲೋ ಅಕ್ಕಿಯಲ್ಲಿಯೇ ಎಂಟುನೂರಕ್ಕಿಂತ ಹೆಚ್ಚು ಕ್ಯಾಲೊರಿಗಳಿವೆಯೆಂಬುದನ್ನು ನೆನೆಯಿರಿ. ಸಾರಿಲ್ಲ, ಪಲ್ಯವಿಲ್ಲ, ಮಜ್ಜಿಗೆಯಿಲ್ಲ.

ಇಷ್ಟು ಕಡಿಮೆಯಲ್ಲಿ ಶರೀರಕ್ಕೆ ಬೇಕಾದ ಸಸಾರಜನಕ, ಜೀವಸತ್ತ್ವ, ಲವಣಗಳನ್ನೆಲ್ಲ ಮನೆಯ ಅಡುಗೆಯಿಂದಲೇ ಒದಗಿಸುವುದು ಬಹಳ ಕಷ್ಟ. ಆ ಪರೀಕ್ಷೆಗಳಲ್ಲಿ ಊಟದ ಬದಲಿಗೆ ಸಿದ್ಧಪಡಿಸಿದ ಪುಡಿಗಳನ್ನು ನೀರಿನಲ್ಲಿ ಕಲಸಿ ಕುಡಿಸಿದ್ದಕ್ಕೆ ಇದೊಂದು ಕಾರಣ. ಇನ್ನೊಂದು ಕಾರಣವು ನನಗೆ ಇನ್ನೂ ಹಿಡಿಸಿತು: ಲೋಟದಲ್ಲಿ ಅಳೆದು ಕೊಟ್ಟದ್ದನ್ನು ಕುಡಿಯುವವನಿಗೆ 'ಇನ್ನೊಂದು ತುತ್ತು' ಎಂಬ ಪ್ರಶ್ನೆಯೇ ಏಳುವುದಿಲ್ಲ. ಅಂಗಡಿಯಲ್ಲಿ ದೊರೆಯುವ ಎಲ್ಲ ಪುಷ್ಟಿಪುಡಿಗಳೂ ಈ ಕೆಲಸಕ್ಕೆ ಬರವು. ಬರಿಯ ಸಸಾರಜನಕದ ಪುಡಿಯು ಊಟದ ಸ್ಥಾನವನ್ನು ತುಂಬಲಾರದು. ಪೂರ್ಣಾಹಾರವಾಗಿ ತಯಾರಿಸಿದ್ದೇ ಆಗಬೇಕು. ನಮಗೆ ಹೇಳಿದ ಕ್ರಮದಲ್ಲಿ ಅಂಥ ಪುಡಿಯು ಮೂರು ಹೊತ್ತು. ಒಂದು ಹೊತ್ತು ಅದರ ಜೊತೆಗೆ ತರಕಾರಿ. ಅಳತೆಯನ್ನು ಬೇಕೆಂದೇ ಇಲ್ಲಿ ಬರೆಯುವುದಿಲ್ಲ. ಅದು ಅವರೊಬ್ಬರ ಶರೀರವನ್ನು ನೋಡಿ ಕೊಟ್ಟದ್ದು. ತರಕಾರಿಯೆಂದರೆ ಸೋರೆ, ಹೀರೆ, ಪಡವಲ, ಬೂದುಗುಂಬಳ, ಮೂಲಂಗಿ, ಸೌತೆ, ಸೊಪ್ಪುಗಳು, ಆಲೂಗೆಡ್ಡೆ, ಗೆಣಸುಗಳಲ್ಲ. ಬೇಳೆಯಿಲ್ಲದ ತಿಳಿಸಾರಿಗೆ ಅಡ್ಡಿಯಿಲ್ಲ, ಒಗ್ಗರಣೆ ಮಾತ್ರ ಕೂಡದು. ನೀರು ದಿನಕ್ಕೆ ಎರಡು ಲೀಟರಿಗೆ ಕಡಿಮೆಯಾಗಬಾರದು. ಮೊದಲ ಕೆಲವು ದಿನ ತಲೆನೋವು, ಸಿಡುಕು, ಚಳಿ, ಮಲಬದ್ಧತೆ ಇವೆಲ್ಲ ಬರಬಹುದು. ಹಸಿವಿನ ಕಾಟ ಆಮೇಲೆ ತಗ್ಗುವುದೆಂದು ಮಾಡಿದವರು ಹೇಳಿದ್ದಾರೆ. ಹುಮ್ಮಸ್ಸಿನಿಂದ ವ್ಯಾಯಾಮಶಾಲೆಗೂ ಸೇರುವೆನೆಂದ ಯಜಮಾನರನ್ನು ಡಾಕ್ಟರರೇ ತಡೆದರು. ಈ ಎಂಟು ವಾರ ಎಂದಿನ ನಡಿಗೆ ಸಾಕಂತೆ. ಹೋದ ಭಾನುವಾರ ಪುಡಿಯ ರುಚಿ ನೋಡುವ ಶಾಸ್ತ್ರವಾಯಿತು. ಒಂದು ಗುಟುಕು ಕುಡಿದು, "ಮಗುವಿಗೆ ತಿನ್ನಿಸುವ ಸರಿಯ ಹಾಗಿದೆ" ಎಂದರು. ಎರಡನೆಯ ಗುಟುಕಿನ ಮೇಲೆ ಏನೂ ಹೇಳಲಿಲ್ಲ.

ಇಷ್ಟೆಲ್ಲ ಸಿದ್ಧತೆಗಳಲ್ಲಿ ನನಗೆ ಅತ್ಯಂತ ಕಷ್ಟವಾದದ್ದು ಅತ್ತೆಯವರ ಒಪ್ಪಿಗೆ. "ದುಡಿದು ಬಂದ ಗಂಡಸಿಗೆ ಅನ್ನವಿಲ್ಲದ ಮನೆ ಎಂಥದಮ್ಮ? ನಾನು ಬದುಕಿರುವಾಗ ನನ್ನ ಮಗ ಗಂಜಿ ಕುಡಿಯಬೇಕೆ?" ಎಂದು ಎರಡು ದಿನ ಮಾತು ಬಿಟ್ಟರು. ಅವರನ್ನು ಒಪ್ಪಿಸಿದ್ದು ಇಂಗ್ಲೆಂಡಿನ ಪ್ರೊಫೆಸರರಲ್ಲ. ಅವರು ಪ್ರತಿವರ್ಷವೂ ಚಾತುರ್ಮಾಸ್ಯವನ್ನು ಆಚರಿಸುವವರು. ಶಾಕವ್ರತ, ದಧಿವ್ರತ, ಕ್ಷೀರವ್ರತ, ದ್ವಿದಳವ್ರತ ಎಂದು ಒಂದೊಂದು ತಿಂಗಳು ಒಂದೊಂದನ್ನು ಬಿಡುವುದು ಅವರಿಗೆ ನಲವತ್ತು ವರ್ಷಗಳ ಅಭ್ಯಾಸ. "ಅಮ್ಮ, ಇದಕ್ಕೂ ಸಂಕಲ್ಪದ ದಿನವಿದೆ, ನಿಯಮವಿದೆ, ಪಾರಣೆಯಿದೆ" ಎಂದು ನಾನು ಹೇಳಿದಾಗ ಕೇಳಿಸಿಕೊಂಡರು. "ಪಾರಣೆಯ ದಿನ ಅತಿಯಾಗಿ ಉಂಡವರು ವ್ರತ ಮಾಡಿಯೂ ಮಾಡದ ಹಾಗೆ" ಎಂದರು. ಐದು ವರ್ಷಗಳ ಲೆಕ್ಕವನ್ನು ನೋಡಿದವರು ಇದಕ್ಕಿಂತ ಹೆಚ್ಚಾಗಿ ಏನನ್ನೂ ಹೇಳಲಾರರು. ಆದರೆ ಈ ಹೋಲಿಕೆಯನ್ನು ಬಹಳ ಎಳೆಯಬಾರದೆಂದೂ ಹೇಳಬೇಕು. ಏಕಾದಶಿಯ ಹೆಸರಿನಲ್ಲಿ ಅವಲಕ್ಕಿ, ಸಬ್ಬಕ್ಕಿ, ಕೊಬ್ಬರಿ, ಬೆಲ್ಲಗಳ ಫಲಾಹಾರ ಮಾಡಿ ಊಟಕ್ಕಿಂತ ಹೆಚ್ಚು ಕ್ಯಾಲೊರಿಗಳನ್ನು ತಿಂದೇಳುವ ಉಪವಾಸಿಗಳನ್ನು ನಾನು ನೋಡಿದ್ದೇನೆ. ಇನ್ನು ಕೆಲವರು ನಿರಾಹಾರವಿದ್ದು ಗ್ಲಿಮೆಪಿರೈಡನ್ನು ಮಾತ್ರ ತಪ್ಪದೆ ನುಂಗುತ್ತಾರೆ. ಇವೆರಡೂ ಈ ಪಥ್ಯವಲ್ಲ.

ಪಾರಣೆಯ ಕ್ರಮವನ್ನು ಆರಂಭಕ್ಕೆ ಮೊದಲೇ ಗೊತ್ತುಮಾಡಿಕೊಂಡಿದ್ದೇವೆ. ಎಂಟು ವಾರಗಳಾದ ಮೇಲೆ ಒಮ್ಮೆಗೇ ಎಲೆಯ ಮುಂದೆ ಕೂರುವುದಲ್ಲ. ಪುಡಿಯ ಒಂದೊಂದು ಲೋಟವನ್ನು ತೆಗೆದು ಅದರ ಬದಲಿಗೆ ಒಂದೊಂದು ಊಟವನ್ನು, ಕೆಲವು ವಾರಗಳಲ್ಲಿ, ಅಳತೆಯ ಮೇಲೆ ಮರಳಿಸಬೇಕು. ಆಮೇಲೂ ಎಂದಿನ ಎರಡು ಸಾವಿರದ ಮುನ್ನೂರಕ್ಕೆ ಹೋಗುವಂತಿಲ್ಲ. ಇಳಿದ ದೇಹಕ್ಕೆ ಅಷ್ಟು ಬೇಕಾಗುವುದಿಲ್ಲ. ತೂಕವು ಎರಡು ಕಿಲೋ ಮರಳಿದರೆ ಕೆಲವು ದಿನ ಮತ್ತೆ ಪುಡಿಗೆ ಹೋಗತಕ್ಕದ್ದೆಂದು ಆ ದೊಡ್ಡ ಪರೀಕ್ಷೆಯಲ್ಲಿ ಮಾಡಿದ್ದ ಏರ್ಪಾಡನ್ನೇ ನಾವೂ ಬರೆದಿಟ್ಟುಕೊಂಡಿದ್ದೇವೆ. ಶಮನವಾದರೂ ವರ್ಷಕ್ಕೊಮ್ಮೆ ರಕ್ತವನ್ನೂ ಕಣ್ಣನ್ನೂ ಕಾಲನ್ನೂ ತೋರಿಸುವುದು ತಪ್ಪದು. ಶಮನವಾಗದಿದ್ದರೆ? ಈ ಪ್ರಶ್ನೆಯನ್ನು ನಾನು ಒಬ್ಬಳೇ ಇದ್ದಾಗ ಡಾಕ್ಟರರಲ್ಲಿ ಕೇಳಿದೆ. "ತೂಕ ಇಳಿದರೆ ಸಕ್ಕರೆ, ಒತ್ತಡ, ಯಕೃತ್ತು ಯಾವುದಕ್ಕೂ ನಷ್ಟವಿಲ್ಲ. ಮಾತ್ರೆ ಕಡಿಮೆಯಾದೀತು. ಅದನ್ನು ಸೋಲೆಂದು ಅವರು ತಿಳಿಯದ ಹಾಗೆ ನೋಡಿಕೊಳ್ಳಿ" ಎಂದರು. ಇದನ್ನು ಯಜಮಾನರಿಗೆ ಇನ್ನೂ ಹೇಳಿಲ್ಲ. ಈ ಪುಟವನ್ನು ಅವರು ಓದುವುದರಿಂದ ಇನ್ನು ಹೇಳಬೇಕಾಗಿಲ್ಲ.

ದಿನವನ್ನು ಗೊತ್ತುಮಾಡಿದ್ದು ಪಂಚಾಂಗವನ್ನು ಮುಂದಿಟ್ಟುಕೊಂಡು. ಮುಹೂರ್ತಕ್ಕಾಗಿ ಅಲ್ಲ, ಹಬ್ಬಗಳಿಲ್ಲದ ಎಡೆಯನ್ನು ಹುಡುಕುವುದಕ್ಕಾಗಿ. ಶ್ರಾವಣದಿಂದ ದೀಪಾವಳಿಯವರೆಗೆ ನಮ್ಮಲ್ಲಿ ಇಂಥ ಕೆಲಸಕ್ಕೆ ಎಡೆಯೇ ಇಲ್ಲ. ಸಂಕ್ರಾಂತಿ ಕಳೆದ ಸೋಮವಾರದಿಂದ ಯುಗಾದಿಯ ಸಮೀಪದವರೆಗೆ ಎಂಟು ವಾರ ಸಿಕ್ಕಿತು. ನಡುವೆ ಬರುವ ದೊಡ್ಡ ಹಬ್ಬವೆಂದರೆ ಶಿವರಾತ್ರಿ, ಅದು ನಮ್ಮ ಪಕ್ಷದ್ದೇ. ಮಾಘದಲ್ಲಿ ಎರಡು ಮದುವೆಗಳ ಕರೆಯೋಲೆಗಳು ಬಂದಿವೆ. ಒಂದಕ್ಕೆ ನಾನು ಹೋಗಿಬರುವುದು. ಇನ್ನೊಂದು ಅವರ ಸೋದರತ್ತೆಯ ಮೊಮ್ಮಗಳದು, ತಪ್ಪಿಸುವಂತಿಲ್ಲ. ಧಾರೆಯ ಹೊತ್ತಿಗೆ ಹೋಗಿ ಅಕ್ಷತೆ ಹಾಕಿ, ಪಂಕ್ತಿ ಕೂರುವುದರೊಳಗೆ ಹೊರಡುವುದೆಂದು ನಿಶ್ಚಯಿಸಿದ್ದೇವೆ. ಬಂಧುಗಳಿಗೆ ಏನು ಹೇಳುವುದೆಂಬ ಚರ್ಚೆಯೂ ನಡೆಯಿತು. "ಡಾಕ್ಟರರ ಪಥ್ಯ" ಎಂಬೆರಡು ಮಾತಿಗಿಂತ ಹೆಚ್ಚು ಹೇಳಿದರೆ ಪ್ರತಿಯೊಬ್ಬರೂ ಮೆಂತ್ಯ, ಹಾಗಲಕಾಯಿ, ನೇರಳೆಬೀಜಗಳ ಚಿಕಿತ್ಸೆಯನ್ನು ಉಪದೇಶಿಸುವರೆಂಬುದು ಯಜಮಾನರ ಅನುಭವ.

ಈ ಲೇಖನವನ್ನು ಭಾನುವಾರ ರಾತ್ರಿ ಮುಗಿಸುತ್ತಿದ್ದೇನೆ. ಇಂದು ಬೆಳಗಿನ ತೂಕ ೮೪, ಖಾಲಿಹೊಟ್ಟೆಯ ಸಕ್ಕರೆ ೧೪೮, ಒತ್ತಡ ೧೩೪ರ ಮೇಲೆ ೮೬; ಹೊಸ ಪುಸ್ತಕದ ಮೊದಲನೆಯ ಸಾಲಿನಲ್ಲಿ ಬರೆದದ್ದಾಗಿದೆ. ಮಾತ್ರೆಯ ಡಬ್ಬಿಯಿಂದ ಡಾಕ್ಟರರು ಗುರುತು ಹಾಕಿದ್ದನ್ನು ತೆಗೆದು, ಎಸೆಯದೆ, ಬೇರೊಂದು ಡಬ್ಬಿಯಲ್ಲಿ ಹಾಕಿ ನನ್ನ ಬೀರುವಿನಲ್ಲಿಟ್ಟಿದ್ದೇನೆ. ಎಳ್ಳುಬೆಲ್ಲದ ಕೊನೆಯ ಪೊಟ್ಟಣವನ್ನು ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟದ್ದೂ ಆಯಿತು. ಈಗತಾನೆ ಅತ್ತೆಯವರು ಬಾಗಿಲ ಬಳಿ ನಿಂತು, "ನಾಳೆ ಅವನು ಆ ಲೋಟ ಕುಡಿಯುವುದು ಎಷ್ಟು ಗಂಟೆಗೆ?" ಎಂದು ಕೇಳಿದರು. ಎಂಟಕ್ಕೆ ಎಂದೆ. "ಹಾಗಾದರೆ ಅವನು ಕಚೇರಿಗೆ ಹೊರಟ ಮೇಲೆಯೇ ನಮ್ಮಿಬ್ಬರ ಉಪ್ಪಿಟ್ಟಿಗೆ ಒಗ್ಗರಣೆ ಹಾಕು. ವಾಸನೆ ಹಜಾರದ ತನಕ ಬರುತ್ತದೆ" ಎಂದು ಹೇಳಿ ಒಳಕ್ಕೆ ಹೋದರು.

ಸಂಪಾದಕರು ಅವಕಾಶವಿತ್ತರೆ ಉಳಿದ ಅಂಕಿಗಳನ್ನು ಯುಗಾದಿಯ ನಂತರದ ಸಂಚಿಕೆಯಲ್ಲಿ, ಇಳಿದಿರಲಿ ಬಿಡಲಿ, ಹಾಗೆಯೇ ಬರೆಯುತ್ತೇನೆ. ಹಪ್ಪಳದ ಲೇಖನ ಅದರ ಮುಂದಿನ ತಿಂಗಳು.